ಸಾಲ ಮಂಜೂರಾದ ಮೇಲೆ ಸಿಗುವ ಮಾಹಿತಿ

ಸಂಪಾದಕರಿಗೆ,

ಮಾನ್ಯರೇ,

ವಿಶ್ವಬ್ಯಾಂಕ್, ಏಷ್ಯಾ ಅಭಿವೃದ್ಧಿ ಬ್ಯಾಂಕ್ ಅಥವಾ ಅವುಗಳ ಸಾಲಿಗೆ ಸೇರಿದ ಇನ್ನಾವುದಾದರೂ ಅಂತರರಾಷ್ಟ್ರೀಯ ಅಭಿವೃದ್ಧಿ ಬ್ಯಾಂಕ್ ಒಂದು ದೇಶಕ್ಕೆ ಸಾಲ ಮಂಜೂರು ಮಾಡಿತೆಂಬ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಮೊತ್ತ ಎಷ್ಟು, ಮರುಪಾವತಿಗೆ ಎಷ್ಟು ವರ್ಷ, ಯಾವ ಕಾಮಗಾರಿಗೆ ಎಂಬ ವಿವರಗಳು ಅದರಲ್ಲಿರುತ್ತವೆ. ಆದರೆ ಆ ಸುದ್ದಿ ಅಚ್ಚಾಗುವ ಹೊತ್ತಿಗೆ ಬ್ಯಾಂಕಿನ ನಿರ್ದೇಶಕ ಮಂಡಳಿ ತೀರ್ಮಾನ ಮಾಡಿ ಮುಗಿದಿರುತ್ತದೆ. ಅಣೆಕಟ್ಟಿನ ಎತ್ತರ, ಹೆದ್ದಾರಿಯ ಮಾರ್ಗ, ತೆರವಾಗಬೇಕಾದ ಮನೆಗಳ ಸಂಖ್ಯೆ ಬಹುಮಟ್ಟಿಗೆ ನಿಗದಿಯಾಗಿರುತ್ತವೆ. ಸಾಲ ತೀರಿಸಬೇಕಾದ ಜನರಿಗೂ ಯೋಜನೆಯಿಂದ ನೆಲೆ ಕಳೆದುಕೊಳ್ಳಲಿರುವ ಜನರಿಗೂ ಮಾಹಿತಿ ಬೇಕಾಗಿರುವುದು ಆ ತೀರ್ಮಾನಕ್ಕೆ ಮುಂಚಿನ ತಿಂಗಳುಗಳಲ್ಲಿ. ಈ ಬ್ಯಾಂಕುಗಳ ಮಾಹಿತಿ ಬಹಿರಂಗ ನೀತಿಗಳು ಕಳೆದ ಮೂರು ದಶಕಗಳಲ್ಲಿ ಸಾಕಷ್ಟು ಸುಧಾರಿಸಿವೆ ಎಂಬುದನ್ನು ಒಪ್ಪಿಕೊಂಡೇ, ಅತ್ಯಂತ ಅಗತ್ಯವಾದ ಹೊತ್ತಿನಲ್ಲಿ ಅತ್ಯಂತ ಅಗತ್ಯವಾದ ಕಾಗದಗಳನ್ನು ಅವು ಇನ್ನೂ ಮುಚ್ಚಿಡುತ್ತಿವೆ ಎಂದು ಹೇಳಲು ಈ ಪತ್ರ ಬರೆಯುತ್ತಿದ್ದೇನೆ.

ಸುಧಾರಣೆ ತಾನಾಗಿ ಬಂದದ್ದಲ್ಲ ಎಂಬುದನ್ನು ಮೊದಲು ನೆನಪಿಸಿಕೊಳ್ಳಬೇಕು. ನರ್ಮದಾ ನದಿಯ ಸರ್ದಾರ್ ಸರೋವರ ಯೋಜನೆಗೆ ವಿಶ್ವಬ್ಯಾಂಕ್ 1985ರಲ್ಲಿ 45 ಕೋಟಿ ಡಾಲರ್ ನೆರವಿಗೆ ಒಪ್ಪಿಕೊಂಡಾಗ, ಮುಳುಗಡೆಯಾಗಲಿದ್ದ ಹಳ್ಳಿಗಳ ಜನರಿಗೆ ತಮ್ಮ ಪುನರ್ವಸತಿಯ ಬಗ್ಗೆ ಬ್ಯಾಂಕಿನ ಕಡತಗಳಲ್ಲಿ ಏನಿದೆ ಎಂದು ತಿಳಿಯುವ ದಾರಿಯೇ ಇರಲಿಲ್ಲ. ಆಗ ಬ್ಯಾಂಕಿನ ದಾಖಲೆಗಳೆಲ್ಲ ಗೋಪ್ಯ ಎಂಬುದೇ ನಿಯಮ, ಬಹಿರಂಗಪಡಿಸುವುದು ಅಪವಾದ. ನದಿಕಣಿವೆಯ ಜನರ ದೀರ್ಘ ಹೋರಾಟದ ಒತ್ತಡಕ್ಕೆ ಮಣಿದು ಬ್ಯಾಂಕ್ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಮಾಜಿ ಮುಖ್ಯಸ್ಥ ಬ್ರಾಡ್‌ಫರ್ಡ್ ಮೋರ್ಸ್ ಅವರ ನೇತೃತ್ವದಲ್ಲಿ ಸ್ವತಂತ್ರ ಪರಿಶೀಲನೆಗೆ ಒಪ್ಪಿತು. 1992ರ ಜೂನ್‌ನಲ್ಲಿ ಬಂದ ಆ ವರದಿ, ಪರಿಸರ ಅಧ್ಯಯನಗಳೂ ಪುನರ್ವಸತಿಯ ಸಿದ್ಧತೆಯೂ ಪೂರ್ಣವಾಗದೆಯೇ ಯೋಜನೆಯನ್ನು ಮುಂದೊತ್ತಲಾಗಿದೆ ಎಂದು ಹೇಳಿತು. 1993ರ ಮಾರ್ಚ್‌ನಲ್ಲಿ ಸಾಲದ ಉಳಿದ ಭಾಗವನ್ನು ಕೈಬಿಡಲಾಯಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ, ನೊಂದವರು ನೇರವಾಗಿ ದೂರು ಕೊಡಬಹುದಾದ ತಪಾಸಣಾ ಸಮಿತಿಯನ್ನು ವಿಶ್ವಬ್ಯಾಂಕ್ ಸ್ಥಾಪಿಸಿತು. ಹೊಸ ಮಾಹಿತಿ ನೀತಿಯನ್ನೂ ರೂಪಿಸಿ 1994ರ ಜನವರಿಯಲ್ಲಿ ಸಾರ್ವಜನಿಕ ಮಾಹಿತಿ ಕೇಂದ್ರವನ್ನು ತೆರೆಯಿತು. ದೂರು ಕೊಡುವ ಹಕ್ಕೂ ಮಾಹಿತಿ ಪಡೆಯುವ ಅವಕಾಶವೂ ಒಂದೇ ಕಾಲದಲ್ಲಿ, ಒಂದೇ ಹೋರಾಟದ ಫಲವಾಗಿ ಬಂದವು. ಕಾಗದ ಕೈಗೆ ಸಿಗದವನು ದೂರನ್ನಾದರೂ ಯಾವ ಆಧಾರದ ಮೇಲೆ ಬರೆಯಬೇಕು?

ಇನ್ನೊಂದು ಒತ್ತಡ ಸಾಲ ಕೊಡುವ ದೇಶದಿಂದ ಬಂತು. ಅಮೆರಿಕದ ಸಂಸತ್ತು 1989ರಲ್ಲಿ ಮಾಡಿದ ಒಂದು ತಿದ್ದುಪಡಿ, ಅದನ್ನು ಮಂಡಿಸಿದ ನ್ಯಾನ್ಸಿ ಪೆಲೋಸಿ ಅವರ ಹೆಸರಿನಿಂದಲೇ ಪರಿಚಿತವಾಗಿದೆ. ಪರಿಸರದ ಮೇಲೆ ಗಂಭೀರ ಪರಿಣಾಮ ಬೀರುವ ಯೋಜನೆಯ ಪರಿಸರ ಅಧ್ಯಯನ ವರದಿ ಮತದಾನಕ್ಕೆ ಕನಿಷ್ಠ 120 ದಿನ ಮೊದಲು ಲಭ್ಯವಿಲ್ಲದಿದ್ದರೆ, ಅಭಿವೃದ್ಧಿ ಬ್ಯಾಂಕುಗಳ ಮಂಡಳಿಗಳಲ್ಲಿರುವ ಅಮೆರಿಕದ ಪ್ರತಿನಿಧಿ ಆ ಯೋಜನೆಯ ಪರವಾಗಿ ಮತ ಹಾಕುವಂತಿಲ್ಲ ಎಂಬುದು ಅದರ ಸಾರ. ಒಂದೇ ದೇಶದ ಕಾನೂನಾದರೂ, ದೊಡ್ಡ ಪಾಲುದಾರನ ಮತ ಬೇಕಾದ ಬ್ಯಾಂಕುಗಳು ತಮ್ಮ ಕಾಲಪಟ್ಟಿಯನ್ನು ಅದಕ್ಕೆ ಹೊಂದಿಸಿಕೊಳ್ಳಬೇಕಾಯಿತು. ಏಷ್ಯಾ ಅಭಿವೃದ್ಧಿ ಬ್ಯಾಂಕ್ 2009ರ ತನ್ನ ಸುರಕ್ಷತಾ ನೀತಿಯಲ್ಲಿ ಅತಿ ಹೆಚ್ಚು ಪರಿಣಾಮದ ಯೋಜನೆಗಳಿಗೆ ಇದೇ 120 ದಿನಗಳನ್ನು ಬರೆದುಕೊಂಡಿತು. ಪುನರ್‌ನಿರ್ಮಾಣ ಮತ್ತು ಅಭಿವೃದ್ಧಿಗಾಗಿನ ಯುರೋಪಿಯನ್ ಬ್ಯಾಂಕ್ ಸರ್ಕಾರಿ ಯೋಜನೆಗಳಿಗೆ 120 ದಿನ, ಖಾಸಗಿ ಯೋಜನೆಗಳಿಗೆ 60 ದಿನ ಎಂದು ಗೊತ್ತುಮಾಡಿತು. ಇಡೀ ಮಾಹಿತಿ ನೀತಿಗಳ ಇತಿಹಾಸದಲ್ಲಿ ನನಗೆ ಅತ್ಯಂತ ಬೆಲೆಬಾಳುವ ನಿಯಮವೆಂದು ಕಾಣುವುದು ಇದು. ಯಾಕೆಂದರೆ ಇದು ಬಹಿರಂಗಪಡಿಸುವಿಕೆಯನ್ನು ಮತದಾನದ ದಿನಕ್ಕೆ ಕಟ್ಟಿಹಾಕುತ್ತದೆ. ವರದಿ ಪ್ರಕಟವಾಗದಿದ್ದರೆ ಮತವಿಲ್ಲ. "ಸಕಾಲದಲ್ಲಿ", "ಸಾಧ್ಯವಾದಷ್ಟು ಬೇಗ" ಎಂಬ ಮಾತುಗಳಿಗೆ ಅಂಥ ಕಟ್ಟು ಇರುವುದಿಲ್ಲ.

2010 ಮತ್ತೊಂದು ಮುಖ್ಯ ವರ್ಷ. ಆ ವರ್ಷದ ಏಪ್ರಿಲ್‌ನಲ್ಲಿ ವಿಶ್ವಬ್ಯಾಂಕ್ ತನ್ನ ಅಂಕಿಅಂಶಗಳನ್ನು ಎಲ್ಲರಿಗೂ ಉಚಿತವಾಗಿ ತೆರೆಯಿತು. ಜುಲೈ 1ರಿಂದ ಜಾರಿಗೆ ಬಂದ ಹೊಸ ಮಾಹಿತಿ ನೀತಿಯಲ್ಲಿ, ಯಾವುದನ್ನು ಬಹಿರಂಗಪಡಿಸಬಹುದು ಎಂಬ ಪಟ್ಟಿಯನ್ನು ಕೈಬಿಟ್ಟು, ಹತ್ತು ವಿನಾಯಿತಿಗಳ ಒಳಗೆ ಬರದ ಮಾಹಿತಿಯೆಲ್ಲ ಬಹಿರಂಗ ಎಂಬ ತತ್ವವನ್ನು ಒಪ್ಪಿಕೊಂಡಿತು. ಅರ್ಜಿಗೆ ಇಪ್ಪತ್ತು ಕೆಲಸದ ದಿನಗಳಲ್ಲಿ ಉತ್ತರ ಕೊಡುವ ಗುರಿ, ನಿರಾಕರಿಸಿದರೆ ಎರಡು ಹಂತದ ಮೇಲ್ಮನವಿ, ವರ್ಷಗಳು ಕಳೆದ ಮೇಲೆ ಕೆಲವು ಗೋಪ್ಯ ದಾಖಲೆಗಳ ಬಿಡುಗಡೆ, ಇವೆಲ್ಲ ಆಗ ಬಂದವು. ಅಂತರ ಅಮೆರಿಕ ಅಭಿವೃದ್ಧಿ ಬ್ಯಾಂಕ್, ಆಫ್ರಿಕಾ ಅಭಿವೃದ್ಧಿ ಬ್ಯಾಂಕ್, ಏಷ್ಯಾ ಅಭಿವೃದ್ಧಿ ಬ್ಯಾಂಕ್‌ಗಳೂ ಹೆಚ್ಚುಕಡಿಮೆ ಅದೇ ದಾರಿ ಹಿಡಿದವು. ಇದನ್ನು ಯಾರೂ ಕಡೆಗಣಿಸಬಾರದು. ಸಾಲ ಒಪ್ಪಂದಗಳು, ಖರೀದಿ ಯೋಜನೆಗಳು, ಪ್ರಗತಿ ವರದಿಗಳು ಇಂದು ಮೊಬೈಲಿನಲ್ಲೇ ಸಿಗುತ್ತವೆ, ಮೂವತ್ತೈದು ವರ್ಷಗಳ ಹಿಂದೆ ಅವು ಮಂತ್ರಿಮಂಡಲಗಳ ಕೆಲವು ಕೋಣೆಗಳಿಗಷ್ಟೇ ಮೀಸಲಾಗಿದ್ದವು.

ತೊಡಕಿರುವುದು ಆ ಹತ್ತು ವಿನಾಯಿತಿಗಳ ಒಳಗೆ. ವೈಯಕ್ತಿಕ ಮಾಹಿತಿ, ವಕೀಲರ ಸಲಹೆ, ಭದ್ರತೆ ಇವುಗಳ ಬಗ್ಗೆ ತಕರಾರಿಲ್ಲ. ಎರಡು ವಿನಾಯಿತಿಗಳ ಬಗ್ಗೆ ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು. ಒಂದು, ತೀರ್ಮಾನಕ್ಕೆ ಮುಂಚಿನ ಒಳಗಿನ ಸಮಾಲೋಚನೆಗಳಿಗೆ ಸಂಬಂಧಿಸಿದ ಮಾಹಿತಿ. ಇನ್ನೊಂದು, ಸದಸ್ಯ ದೇಶ ಅಥವಾ ಮೂರನೆಯವರು ಗೋಪ್ಯವೆಂದು ಹೇಳಿ ಕೊಟ್ಟ ಮಾಹಿತಿ. ಯೋಜನೆಯೊಂದು ಇನ್ನೂ ಬದಲಾಗಬಹುದಾದ ಹಂತದಲ್ಲಿರುವಾಗ ಅದರ ಬಗೆಗಿನ ಬಹುಪಾಲು ಕಾಗದಗಳು ಈ ಎರಡರಲ್ಲಿ ಒಂದರ ಅಡಿ ಸೇರಿಬಿಡುತ್ತವೆ. ಮಂಡಳಿಯ ಮುಂದಿಡುವ ಯೋಜನಾ ಮೌಲ್ಯಮಾಪನ ದಸ್ತಾವೇಜನ್ನೇ ನೋಡಿ. ಯಾವ ಕೆಲಸಕ್ಕೆ ಎಷ್ಟು ಹಣ, ಯಾವ ಅಪಾಯಗಳಿವೆ, ಯಾರು ಹೊಣೆ ಎಂಬುದೆಲ್ಲ ಒಂದೆಡೆ ಸಿಗುವ ಮುಖ್ಯ ದಾಖಲೆ ಅದು. ಸಾಲ ಪಡೆಯುವ ಸರ್ಕಾರ ಒಪ್ಪಿದರೆ ಮಂಡಳಿಗೆ ಹಂಚುವಾಗಲೇ ಅದನ್ನು ಜನರಿಗೂ ಬಿಡುಗಡೆ ಮಾಡಲಾಗುತ್ತದೆ, ಒಪ್ಪದಿದ್ದರೆ ಮಂಜೂರಾತಿಯ ನಂತರ. ಅಂದರೆ ಯಾರ ಕೆಲಸವನ್ನು ಜನ ಪ್ರಶ್ನಿಸಬೇಕೋ ಅವರ ಅನುಮತಿಯ ಮೇಲೆ ಪ್ರಶ್ನೆ ಕೇಳುವ ಅವಕಾಶ ನಿಂತಿದೆ.

ಕಾಮಗಾರಿ ಆರಂಭವಾದ ಮೇಲಿನ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ. ಬ್ಯಾಂಕಿನ ತಂಡ ನಿಗದಿತ ಅವಧಿಗೊಮ್ಮೆ ಯೋಜನಾ ಸ್ಥಳಕ್ಕೆ ಬಂದು, ಅಧಿಕಾರಿಗಳೊಂದಿಗೆ ಕುಳಿತು, ಹೊರಡುವ ಮುನ್ನ ಒಂದು ಟಿಪ್ಪಣಿ ಬರೆಯುತ್ತದೆ. ಬ್ಯಾಂಕಿನ ವಲಯದಲ್ಲಿ ಅದನ್ನು ಏಡ್ ಮೆಮ್ವಾರ್ ಎನ್ನುತ್ತಾರೆ. ಪರಿಹಾರದ ಹಣ ಯಾವ ಹಂತದಲ್ಲಿ ನಿಂತಿದೆ, ಯಾವ ಗುತ್ತಿಗೆದಾರನ ಕೆಲಸ ಹಿಂದೆ ಬಿದ್ದಿದೆ, ಯಾವ ಶರತ್ತು ಪೂರೈಸಿಲ್ಲ, ಯಾವ ತಾರೀಖಿನೊಳಗೆ ಯಾರು ಏನು ಮಾಡಬೇಕು ಎಂಬ ಸಂಗತಿಗಳು ಬಿಡಿಸಿ ಬರೆದಿರುವುದು ಆ ಟಿಪ್ಪಣಿಯಲ್ಲಿ. ಅದು ಬಹಿರಂಗವಾಗಬೇಕಾದರೆ ಬ್ಯಾಂಕ್ ಮತ್ತು ಸರ್ಕಾರ ಎರಡೂ ಒಪ್ಪಬೇಕು. ಒಪ್ಪದಿದ್ದಾಗ ಜನರಿಗೆ ಉಳಿಯುವುದು ಪ್ರಗತಿ ವರದಿ ಮಾತ್ರ. ಅದರಲ್ಲಿ ಪ್ರತಿ ಅಂಶದ ಮುಂದೆ "ತೃಪ್ತಿಕರ", "ಸಾಧಾರಣ ತೃಪ್ತಿಕರ" ಎಂಬಂಥ ದರ್ಜೆ ಇರುತ್ತದೆ. ಪುನರ್ವಸತಿ ಸಾಧಾರಣ ತೃಪ್ತಿಕರ ಎಂದು ಓದಿದವನಿಗೆ ತನ್ನ ಓಣಿಯ ಪರಿಹಾರ ಯಾಕೆ ಬಂದಿಲ್ಲವೆಂದು ತಿಳಿಯುವುದಿಲ್ಲ.

ಗೋಪ್ಯತೆಯಿಂದ ಆಗುವ ನಷ್ಟ ಎಂಥದ್ದು ಎಂಬುದಕ್ಕೆ ಉಗಾಂಡಾದ ಬುಜಗಲಿ ಜಲವಿದ್ಯುತ್ ಯೋಜನೆಯ ಉದಾಹರಣೆಯನ್ನು ನಾನು ಮತ್ತೆ ಮತ್ತೆ ಕೊಡುತ್ತೇನೆ. ನೈಲ್ ನದಿಯ ಮೇಲಿನ ಈ ಯೋಜನೆಯನ್ನು ಖಾಸಗಿ ಕಂಪನಿಯೊಂದು ಕಟ್ಟಬೇಕಿತ್ತು, ವಿದ್ಯುತ್ತನ್ನು ಸರ್ಕಾರಿ ಸಂಸ್ಥೆ ಕೊಳ್ಳಬೇಕಿತ್ತು. 2001ರ ಡಿಸೆಂಬರ್‌ನಲ್ಲಿ ವಿಶ್ವಬ್ಯಾಂಕಿನ ಮಂಡಳಿ ಯೋಜನೆಗೆ ಬೆಂಬಲ ಮಂಜೂರು ಮಾಡಿತು. ಇಡೀ ವ್ಯವಹಾರದ ತಿರುಳಾಗಿದ್ದ ವಿದ್ಯುತ್ ಖರೀದಿ ಒಪ್ಪಂದ ಮಾತ್ರ ವಾಣಿಜ್ಯ ಗೋಪ್ಯವೆಂಬ ಕಾರಣಕ್ಕೆ ಹೊರಗೆ ಬರಲಿಲ್ಲ. ಇಂಥ ಒಪ್ಪಂದಗಳಲ್ಲಿ ಸಾಮಾನ್ಯವಾಗಿ ಯೂನಿಟ್ ದರಕ್ಕಿಂತಲೂ ಮುಖ್ಯವಾದ ಒಂದು ಷರತ್ತು ಇರುತ್ತದೆ. ಸ್ಥಾವರ ಸಿದ್ಧವಾಗಿದ್ದರೆ ಸಾಕು, ವಿದ್ಯುತ್ ಬಳಸಲಿ ಬಿಡಲಿ, ಕೊಳ್ಳುವ ಸಂಸ್ಥೆ ನಿಗದಿತ ಮೊತ್ತವನ್ನು ಹಲವು ದಶಕಗಳ ಕಾಲ ಡಾಲರ್ ಲೆಕ್ಕದಲ್ಲಿ ಕಟ್ಟುತ್ತಲೇ ಇರಬೇಕು. ನದಿಯಲ್ಲಿ ನೀರು ಕಡಿಮೆಯಾದರೆ ನಷ್ಟ ಯಾರದು, ಸ್ಥಳೀಯ ನಾಣ್ಯದ ಬೆಲೆ ಕುಸಿದರೆ ಹೊರೆ ಯಾರಿಗೆ ಎಂಬುದನ್ನು ಅದೇ ಕಾಗದ ತೀರ್ಮಾನಿಸುತ್ತದೆ. ಬಲ್ಬು ಉರಿಸುವ ಪ್ರತಿಯೊಂದು ಮನೆಗೂ ಸಂಬಂಧಿಸಿದ ಕಾಗದ ಅದು.

ಉಗಾಂಡಾದ ನಾಗರಿಕ ಸಂಘಟನೆಯೊಂದು ನ್ಯಾಯಾಲಯಕ್ಕೆ ಹೋಯಿತು. 2002ರ ನವೆಂಬರ್‌ನಲ್ಲಿ ಅಲ್ಲಿನ ಹೈಕೋರ್ಟ್ ಆ ಒಪ್ಪಂದ ಸಾರ್ವಜನಿಕ ದಾಖಲೆ ಎಂದು ಹೇಳಿತು, ಅನಂತರ ಅದು ಹೊರಬಂತು. ವಿದ್ಯುತ್ ಒಪ್ಪಂದಗಳನ್ನು ಬಿಡಿಸಿ ಓದಬಲ್ಲ ಪುಣೆಯ ಪ್ರಯಾಸ್ ಸಂಸ್ಥೆ ಅದನ್ನು ಅಧ್ಯಯನ ಮಾಡಿ, ಉಗಾಂಡಾ ನ್ಯಾಯವಾದುದಕ್ಕಿಂತ ಬಹಳ ಹೆಚ್ಚು ಹಣ ಕಟ್ಟಬೇಕಾಗುತ್ತದೆ ಎಂದು ತೋರಿಸಿಕೊಟ್ಟಿತು. ಮುಂದೆ ಆ ಕಂಪನಿ ಯೋಜನೆಯಿಂದ ಹಿಂದೆ ಸರಿಯಿತು, ವರ್ಷಗಳ ನಂತರ ಬೇರೆ ಹೂಡಿಕೆದಾರರು ಅದನ್ನು ಕೈಗೆತ್ತಿಕೊಂಡರು. ಇಲ್ಲಿ ಘಟನೆಗಳ ಕ್ರಮವನ್ನು ಗಮನಿಸಬೇಕು. ಮೊದಲು ಮಂಜೂರಾತಿ, ಹನ್ನೊಂದು ತಿಂಗಳ ನಂತರ ನ್ಯಾಯಾಲಯದ ಮಾತು, ಅದಾದ ಮೇಲೆ ಒಪ್ಪಂದದ ಓದು. ಇದು ತಲೆಕೆಳಗಾಗಿ, ಓದು ಮೊದಲು ನಡೆದಿದ್ದರೆ ನಿರ್ದೇಶಕರ ಮುಂದೆ ಬೇರೆಯೇ ಪ್ರಶ್ನೆಗಳಿರುತ್ತಿದ್ದವು. ಅಲ್ಲದೆ, ಆ ದೇಶದ ನ್ಯಾಯಾಲಯ ಕೈಹಾಕಲು ಸಾಧ್ಯವಾದದ್ದು ಸರ್ಕಾರದ ಬಳಿಯೂ ಒಪ್ಪಂದದ ಪ್ರತಿ ಇದ್ದುದರಿಂದ. ಬ್ಯಾಂಕಿನ ಬಳಿ ಮಾತ್ರ ಇರುವ ಕಾಗದವಾಗಿದ್ದರೆ ಆ ದಾರಿಯೂ ಇರುತ್ತಿರಲಿಲ್ಲ.

ಯಾಕೆಂದರೆ ವಿಶ್ವಬ್ಯಾಂಕಿನ ಸ್ಥಾಪನಾ ಒಪ್ಪಂದದ ಏಳನೇ ವಿಧಿಯೇ ಅದರ ದಾಖಲೆಗಳ ಭಂಡಾರ ಅನುಲ್ಲಂಘನೀಯ ಎಂದು ಸಾರಿದೆ. ಯಾವ ದೇಶದ ಮಾಹಿತಿ ಕಾನೂನಿಗೂ ಅದು ಒಳಪಡುವುದಿಲ್ಲ. ಗುಜರಾತಿನ ಮುಂದ್ರಾ ಬಳಿಯ ಮೀನುಗಾರರು ಮತ್ತು ರೈತರು, ತಮ್ಮ ತೀರದ ವಿದ್ಯುತ್ ಸ್ಥಾವರಕ್ಕೆ ಸಾಲ ಕೊಟ್ಟ, ಖಾಸಗಿ ಕಂಪನಿಗಳಿಗೆ ಹಣ ಒದಗಿಸುವ ವಿಶ್ವಬ್ಯಾಂಕ್ ಸಮೂಹದ ಅಂಗವಾದ ಅಂತರರಾಷ್ಟ್ರೀಯ ಹಣಕಾಸು ನಿಗಮದ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ, ಇಂಥ ಸಂಸ್ಥೆಗಳಿಗೆ ಸಂಪೂರ್ಣ ರಕ್ಷಣೆಯಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2019ರ ಫೆಬ್ರವರಿಯಲ್ಲಿ ಹೇಳಿದ್ದು ನಿಜ. ಆದರೂ ಆ ಮೊಕದ್ದಮೆ ಕೊನೆಗೆ ಕೆಳಗಿನ ನ್ಯಾಯಾಲಯಗಳಲ್ಲಿ ನಿಲ್ಲಲಿಲ್ಲ. ಹೀಗೆ ಹೊರಗಿನ ನ್ಯಾಯಾಲಯದ ದಾರಿ ಬಹುತೇಕ ಮುಚ್ಚಿರುವಾಗ, ಬ್ಯಾಂಕ್ ತಾನೇ ಬರೆದುಕೊಂಡ ನೀತಿ ಮತ್ತು ಅದರೊಳಗಿನ ಮೇಲ್ಮನವಿ ವ್ಯವಸ್ಥೆ ಎರಡೇ ಜನರಿಗಿರುವ ಆಸರೆ.

ಆ ಮೇಲ್ಮನವಿಯಲ್ಲಿ ಬಹಳ ಮಂದಿಯ ಗಮನಕ್ಕೆ ಬಾರದ ಒಂದು ಕೊರತೆಯಿದೆ. ವಿಶ್ವಬ್ಯಾಂಕಿನಲ್ಲಿ ಮೊದಲ ಮೇಲ್ಮನವಿ ಹೋಗುವುದು ಬ್ಯಾಂಕಿನ ಅಧಿಕಾರಿಗಳದೇ ಆದ ಮಾಹಿತಿ ಸಮಿತಿಗೆ, ಎರಡನೆಯದು ಹೊರಗಿನ ಮೂವರು ತಜ್ಞರ ಮಂಡಳಿಗೆ. ನೋಡಲು ನ್ಯಾಯವಾಗಿದೆ. ಆದರೆ ಹೊರಗಿನ ತಜ್ಞರು ಕೇಳುವುದು ನೀತಿಯ ಉಲ್ಲಂಘನೆ ಆಗಿದೆಯೇ ಎಂಬ ದೂರನ್ನು ಮಾತ್ರ. "ಈ ಮಾಹಿತಿ ವಿನಾಯಿತಿಯ ಒಳಗೇ ಬರಬಹುದು, ಆದರೂ ಸಾರ್ವಜನಿಕ ಹಿತಕ್ಕಾಗಿ ಕೊಡಿ" ಎಂದು ಕೇಳಿದರೆ ಒಳಗಿನ ಸಮಿತಿಯ ಮಾತೇ ಅಂತಿಮ. ಆ ಕೋರಿಕೆಯನ್ನೂ ಹತ್ತರಲ್ಲಿ ಮೂರು ವಿನಾಯಿತಿಗಳಿಗೆ ಸಂಬಂಧಿಸಿ ಮಾತ್ರ ಸಲ್ಲಿಸಬಹುದು. ಸರ್ಕಾರವೋ ಕಂಪನಿಯೋ ಗೋಪ್ಯವೆಂದು ಕೊಟ್ಟ ಮಾಹಿತಿ ಆ ಮೂರರಲ್ಲಿ ಇಲ್ಲ. ಕುಡಿಯುವ ನೀರು ಕಲುಷಿತವಾಗುವ ಸೂಚನೆ ಅಂಥದೊಂದು ಕಾಗದದಲ್ಲಿದ್ದರೂ ಸಾರ್ವಜನಿಕ ಹಿತದ ಹೆಸರಿನಲ್ಲಿ ಅದನ್ನು ಕೇಳಲು ಈ ವ್ಯವಸ್ಥೆಯಲ್ಲಿ ಜಾಗವಿಲ್ಲ. ಜೊತೆಗೆ, ಸಾಮಾನ್ಯವಾಗಿ ಬಹಿರಂಗವಾಗಿರುವ ಮಾಹಿತಿಯನ್ನೂ ಹಾನಿಯ ಕಾರಣ ಕೊಟ್ಟು ತಡೆಹಿಡಿಯುವ ವಿಶೇಷಾಧಿಕಾರವನ್ನು ಬ್ಯಾಂಕ್ ತನಗೇ ಉಳಿಸಿಕೊಂಡಿದೆ. ಯುರೋಪಿಯನ್ ಇನ್ವೆಸ್ಟ್‌ಮೆಂಟ್ ಬ್ಯಾಂಕಿನ ಸ್ಥಿತಿ ಇದಕ್ಕಿಂತ ಮೇಲು. ಅದು ಯುರೋಪಿಯನ್ ಒಕ್ಕೂಟದ ಸಂಸ್ಥೆಯಾದ್ದರಿಂದ ಪರಿಸರ ಮಾಹಿತಿ ಪಡೆಯುವ ಹಕ್ಕನ್ನು ಜನರಿಗೆ ಕೊಡುವ ಅಂತರರಾಷ್ಟ್ರೀಯ ಆರ್ಹಸ್ ಒಪ್ಪಂದವನ್ನು ಜಾರಿಗೊಳಿಸುವ ಒಕ್ಕೂಟದ ಕಾನೂನು ಅದಕ್ಕೂ ಅನ್ವಯಿಸುತ್ತದೆ, ಜನರ ದೂರು ವಿಚಾರಿಸುವ ಒಕ್ಕೂಟದ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ನ್ಯಾಯಾಲಯಕ್ಕೂ ಹೋಗಬಹುದು. ಇದರಿಂದ ಆ ಬ್ಯಾಂಕು ಮುಳುಗಲಿಲ್ಲ, ಸಾಲ ಕೇಳುವವರೂ ಕಡಿಮೆಯಾಗಲಿಲ್ಲ.

ಇತ್ತೀಚಿನ ವರ್ಷಗಳಲ್ಲಿ ದೊಡ್ಡದಾಗುತ್ತಿರುವ ಇನ್ನೊಂದು ಕತ್ತಲೆಯೆಂದರೆ ಮಧ್ಯವರ್ತಿ ಸಂಸ್ಥೆಗಳ ಮೂಲಕ ಹರಿಯುವ ಹಣ. ಅಭಿವೃದ್ಧಿ ಬ್ಯಾಂಕ್ ಒಂದು ವಾಣಿಜ್ಯ ಬ್ಯಾಂಕಿಗೋ ಹೂಡಿಕೆ ನಿಧಿಗೋ ಹಣ ಕೊಡುತ್ತದೆ, ಆ ಸಂಸ್ಥೆ ತನ್ನ ಗ್ರಾಹಕರಿಗೆ ಸಾಲ ಕೊಡುತ್ತದೆ. ಮೊದಲ ಮೆಟ್ಟಿಲಿನ ಹೆಸರು ಪ್ರಕಟವಾಗುತ್ತದೆ, ಎರಡನೆಯದು ಬಹುಪಾಲು ಗ್ರಾಹಕರ ಗೋಪ್ಯತೆಯ ಹಿಂದೆ ಉಳಿಯುತ್ತದೆ. ಹೊಂಡುರಾಸ್‌ನಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಗಮವು ತಾಳೆ ಎಣ್ಣೆಯ ಕಂಪನಿಯೊಂದಕ್ಕೆ ನೇರವಾಗಿ ಕೊಟ್ಟ ಸಾಲ ಅಲ್ಲಿನ ಹಿಂಸಾತ್ಮಕ ಭೂವಿವಾದದಿಂದಾಗಿ ಟೀಕೆಗೆ ಗುರಿಯಾಗಿತ್ತು. ನಿಗಮದ ಹಣ ಹೋಗಿದ್ದ ಅಲ್ಲಿನ ಫಿಕೋಸಾ ಬ್ಯಾಂಕಿನ ದೊಡ್ಡ ಸಾಲಗಾರರಲ್ಲಿಯೂ ಅದೇ ಕಂಪನಿ ಇತ್ತೆಂಬುದು 2014ರಲ್ಲಿ ನಿಗಮದ ದೂರು ಪರಿಶೀಲನಾ ಕಚೇರಿಯ ತನಿಖೆಯಲ್ಲಿ ಹೊರಬಿತ್ತು. ತನಿಖೆ ನಡೆಯದಿದ್ದರೆ ಆ ಊರಿನ ಜನರಿಗೆ ಈ ನಂಟು ಗೊತ್ತಾಗುತ್ತಲೇ ಇರಲಿಲ್ಲ. ತಮಗೆ ತೊಂದರೆ ಕೊಡುತ್ತಿರುವ ಯೋಜನೆಗೆ ಯಾರ ಹಣ ಬಂದಿದೆ ಎಂದು ತಿಳಿಯದವರಿಗೆ ದೂರು ಕೊಡುವ ಕಚೇರಿಗಳು ಎಷ್ಟಿದ್ದರೇನು?

ಭಾಷೆಯ ವಿಷಯ ಹೆಚ್ಚು ಬೆಳೆಸುವುದಿಲ್ಲ. ನೂರಾರು ಪುಟಗಳ ಪರಿಸರ ವರದಿ ಇಂಗ್ಲಿಷಿನಲ್ಲಿ, ಕೆಲವೇ ಪುಟಗಳ ಸಾರಾಂಶ ಸ್ಥಳೀಯ ಭಾಷೆಯಲ್ಲಿ ಎಂಬುದು ವಾಡಿಕೆಯಾಗಿಬಿಟ್ಟಿದೆ. 2018ರಲ್ಲಿ ಜಾರಿಗೆ ಬಂದ ವಿಶ್ವಬ್ಯಾಂಕಿನ ಪರಿಸರ ಮತ್ತು ಸಾಮಾಜಿಕ ಚೌಕಟ್ಟಿನ ಹತ್ತನೇ ಮಾನದಂಡ, ಬಾಧಿತರಿಗೆ ತಿಳಿಯುವ ಭಾಷೆಯಲ್ಲಿ, ತಲಪುವ ರೀತಿಯಲ್ಲಿ ಮಾಹಿತಿ ಕೊಡಬೇಕೆನ್ನುತ್ತದೆ. ಪುನರ್ವಸತಿ ಯೋಜನೆಯಲ್ಲಿ ಪರಿಹಾರದ ದರ, ಅರ್ಹತೆಯ ಕೊನೆಯ ದಿನಾಂಕ, ಅಹವಾಲು ಕೊಡುವ ಜಾಗ ಇರುವ ಪುಟಗಳನ್ನಾದರೂ ಪೂರ್ತಿಯಾಗಿ ಅನುವಾದಿಸಿ, ಜಾಲತಾಣ ನೋಡಲಾಗದವರಿಗೆ ಅಚ್ಚಿನ ಪ್ರತಿ ಕೊಟ್ಟರೆ ಆ ಮಾನದಂಡಕ್ಕೆ ಅರ್ಥ ಬರುತ್ತದೆ.

ಎಲ್ಲವನ್ನೂ ಬಯಲಿಗಿಡಬೇಕೆಂದು ನಾನು ಹೇಳುತ್ತಿಲ್ಲ. ಟೆಂಡರ್ ಪರಿಶೀಲನೆ ನಡೆಯುತ್ತಿರುವಾಗ ಬಿಡ್‌ಗಳ ವಿವರ ಹೊರಬರಬಾರದು. ದೂರು ಕೊಟ್ಟವರ ಹೆಸರು ಅವರು ಬಯಸಿದರೆ ಗುಟ್ಟಾಗಿಯೇ ಉಳಿಯಬೇಕು, ಪ್ರಭಾವಿಗಳ ವಿರುದ್ಧ ಬಾಯಿಬಿಟ್ಟವರಿಗೆ ಬೆದರಿಕೆ ಬರುವುದು ಲೋಕಕ್ಕೆಲ್ಲ ಗೊತ್ತಿರುವ ಸಂಗತಿ. ಅಧಿಕಾರಿಗಳು ಮುಕ್ತವಾಗಿ ಅಭಿಪ್ರಾಯ ಹೇಳಲು ಒಂದಿಷ್ಟು ಮರೆ ಬೇಕೆಂಬ ವಾದದಲ್ಲೂ ಹುರುಳಿದೆ. ಆದರೆ ಆ ಮರೆ ಅಧಿಕಾರಿಯ ಅಭಿಪ್ರಾಯಕ್ಕೆ ಸಾಕು, ಅಭಿಪ್ರಾಯಕ್ಕೆ ಆಧಾರವಾದ ಅಳತೆ, ಸಮೀಕ್ಷೆ, ವೆಚ್ಚದ ಲೆಕ್ಕಗಳಿಗೆ ಅದು ಬೇಕಿಲ್ಲ. ಹಾಗೆಯೇ ವಿಶ್ವಬ್ಯಾಂಕಿನ ಮಂಡಳಿ ಸಭೆಗಳ ಅಕ್ಷರಶಃ ನಡಾವಳಿ ವರ್ಷಗಟ್ಟಲೆ ಮುಚ್ಚಿರಬೇಕೆಂಬುದಕ್ಕೆ ನನಗೆ ಯಾವ ಸಮರ್ಥನೆಯೂ ಕಾಣುವುದಿಲ್ಲ. ಆ ಮಂಡಳಿಯಲ್ಲಿ ಕುಳಿತ 25 ನಿರ್ದೇಶಕರು ಸದಸ್ಯ ರಾಷ್ಟ್ರಗಳ ಪ್ರತಿನಿಧಿಗಳು. ಸಂಸತ್ತಿನ ಸದಸ್ಯ ಸದನದಲ್ಲಿ ಏನು ಹೇಳಿದನೆಂದು ಮತದಾರ ಮರುದಿನವೇ ಓದಬಹುದು. ತನ್ನ ದೇಶದ ಹೆಸರಿನಲ್ಲಿ ವಾಷಿಂಗ್ಟನ್ನಿನಲ್ಲಿ ಆಡಿದ ಮಾತನ್ನು ಓದಲು ಮಗು ಹುಟ್ಟಿ ಬೆಳೆಯುವಷ್ಟು ಕಾಲ ಕಾಯಬೇಕಾಗಿದೆ.

ಈ ಬ್ಯಾಂಕುಗಳ ಒಡೆಯರು ಸದಸ್ಯ ಸರ್ಕಾರಗಳೇ ಆದ್ದರಿಂದ ಬದಲಾವಣೆಯೂ ಅವುಗಳಿಂದಲೇ ಆರಂಭವಾಗಬೇಕು. ಸರ್ಕಾರವೊಂದು ಯಾವ ನೀತಿಯ ತಿದ್ದುಪಡಿಗೂ ಕಾಯದೆ, ನಾಳೆಯಿಂದಲೇ, ತನ್ನ ಎಲ್ಲ ಸಾಲಗಳ ಯೋಜನಾ ಮೌಲ್ಯಮಾಪನ ದಸ್ತಾವೇಜುಗಳನ್ನು ಮಂಡಳಿಗೆ ಹಂಚುವ ದಿನವೇ ಪ್ರಕಟಿಸಲು ಮತ್ತು ಏಡ್ ಮೆಮ್ವಾರ್‌ಗಳನ್ನು ಬಹಿರಂಗಪಡಿಸಲು ಒಪ್ಪಿಗೆ ಕೊಟ್ಟುಬಿಡಬಹುದು. ಮುಂದಿನ ಪರಿಷ್ಕರಣೆಯ ವೇಳೆ ಅದರ ನಿರ್ದೇಶಕರು ಮೂರನೆಯವರ ಗೋಪ್ಯತೆಗೂ ಸಾರ್ವಜನಿಕ ಹಿತದ ಒರೆಹಚ್ಚುವಿಕೆ ಅನ್ವಯವಾಗಲಿ, ಅದರ ಅಂತಿಮ ತೀರ್ಪು ಹೊರಗಿನ ತಜ್ಞರದಾಗಲಿ, ಮಧ್ಯವರ್ತಿ ಸಂಸ್ಥೆಗಳ ಹೆಚ್ಚಿನ ಅಪಾಯದ ಉಪಯೋಜನೆಗಳ ಹೆಸರು ಮತ್ತು ಸ್ಥಳ ಪ್ರಕಟವಾಗಲಿ ಎಂದು ಒತ್ತಾಯಿಸಬೇಕು. ಬೀಜಿಂಗ್‌ನ ಏಷ್ಯಾ ಮೂಲಸೌಕರ್ಯ ಹೂಡಿಕೆ ಬ್ಯಾಂಕ್ ಮತ್ತು ಶಾಂಘೈನ ನ್ಯೂ ಡೆವಲಪ್‌ಮೆಂಟ್ ಬ್ಯಾಂಕ್‌ಗಳು ಹೊಸ ಸಂಸ್ಥೆಗಳು, ಹಳೆಯವುಗಳ ದಶಕಗಳ ಅನುಭವ ಅವುಗಳ ಕಣ್ಣಮುಂದಿದೆ, ಆದ್ದರಿಂದ ಅವುಗಳಿಂದ ಇನ್ನೂ ಹೆಚ್ಚಿನದನ್ನು ನಿರೀಕ್ಷಿಸುವ ಹಕ್ಕು ಸದಸ್ಯ ದೇಶಗಳ ಜನರಿಗಿದೆ.

ಪತ್ರಿಕೆಗಳಲ್ಲೂ ನನ್ನದೊಂದು ಬೇಡಿಕೆ ಇದೆ. ಮಂಜೂರಾತಿಗೆ ಕಾದಿರುವ ಯೋಜನೆಗಳ ಪಟ್ಟಿಯನ್ನು ಈ ಬ್ಯಾಂಕುಗಳು ಜಾಲತಾಣಗಳಲ್ಲಿ ಹಾಕುತ್ತವೆ. ಪ್ರತಿ ಯೋಜನೆಯ ಮುಂದೆ ಆರಂಭಿಕ ಮಾಹಿತಿ ದಸ್ತಾವೇಜು, ಅಪಾಯದ ದರ್ಜೆ, ಮಂಡಳಿಯ ಮುಂದೆ ಬರುವ ಅಂದಾಜು ದಿನಾಂಕ ಇರುತ್ತವೆ. ಸಾಲ ಮಂಜೂರಾದ ಸುದ್ದಿಗೆ ಕೊಡುವಷ್ಟೇ ಜಾಗವನ್ನು ಈ ಪಟ್ಟಿಗೂ ಕೊಡಿ. ಯಾವ ಯೋಜನೆ, ಯಾವ ಪ್ರದೇಶ, ಪರಿಸರ ವರದಿ ಪ್ರಕಟವಾಗಿದೆಯೇ, ಮಂಡಳಿಯ ಸಭೆಗೆ ಇನ್ನೆಷ್ಟು ದಿನಗಳಿವೆ, ಆಕ್ಷೇಪವನ್ನು ಯಾವ ವಿಳಾಸಕ್ಕೆ ಕಳುಹಿಸಬೇಕು ಎಂಬಿಷ್ಟನ್ನು ತಿಂಗಳಿಗೊಮ್ಮೆ ಒಂದು ಅಂಕಣದಷ್ಟು ಪ್ರಕಟಿಸಿದರೂ, ಇನ್ನೂ ಪ್ರಶ್ನೆ ಕೇಳಲು ಸಮಯವಿರುವಾಗಲೇ ಅದು ಓದುಗರ ಕೈ ಸೇರುತ್ತದೆ.

ಇತಿ,
ತಮ್ಮ ಪತ್ರಿಕೆಯ ಓದುಗ